ರಸೀದಿ ಆಂಟಿ ಕಳಿಸದೆ ಬಿಟ್ಟ ಇಮೇಲ್

“ತೆರೆದಿದ್ದಾಳೆ ಕಣೇ! ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ. ನೀನೇ ಓದು, ನನ್ನ ಕಣ್ಣಿನ ಮೇಲೆ ನಂಗೇ ನಂಬಿಕೆ ಇಲ್ಲ.”

“ಯಾರು ಆಂಟಿ? ನಿಮ್ಮ ತಂಗಿನಾ?”

“ಇನ್ಯಾರೇ ಮತ್ತೆ! ಹದಿನಾರು ದಿನದಿಂದ ‘ತಲುಪಿದೆ, ತೆರೆದಿಲ್ಲ’, ‘ತಲುಪಿದೆ, ತೆರೆದಿಲ್ಲ’ ಅಂತ ಇದೇ ರಾಗ. ಇವತ್ತು ‘ತೆರೆಯಲಾಗಿದೆ’ ಅಂತ ಬಂದಿದೆ! ಕೂತ್ಕೋ. ಅಯ್ಯೋ, ಆ ಕುರ್ಚಿ ಬೇಡ, ಅದರ ಕಾಲು ಇನ್ನೂ ರಿಪೇರಿ ಮಾಡ್ಸಿಲ್ಲ.”

ನಾನು ಬ್ಯಾಗು ಇಳಿಸುವ ಮೊದಲೇ ಆಂಟಿ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದ್ದರು. ಅದರ ಮೇಲೆ ಇದ್ದದ್ದು ಒಂದು ರಸೀದಿ. ಸಂದೇಶ ಹೊರಟ ಸಮಯ, ಅವರ ತಂಗಿಯ ಇಮೇಲ್ ಪೆಟ್ಟಿಗೆ ತಲುಪಿದ ಸಮಯ, ಕೊನೆಗೆ ಹಸಿರು ಅಕ್ಷರದಲ್ಲಿ ತೆರೆದ ಸಮಯ. ಐವತ್ತೇಳು ವರ್ಷದ ಹೆಂಗಸು ಒಂದು ಹಸಿರು ಸಾಲನ್ನು ನೋಡಿ ಹೀಗೆ ಹಿಗ್ಗಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನಾನೂ ಕುಣಿದೇ ಬಿಟ್ಟೆ. ಕುಣಿಯಲು ಅಲ್ಲಿ ಜಾಗ ಇಲ್ಲ, ಮೊಣಕೈ ಫೈಲಿನ ರ‍್ಯಾಕಿಗೆ ಬಡಿಯಿತು, ಅದು ಬೇರೆ ಮಾತು.

ಆ ಜಾಗ ಎಂಥದ್ದು ಅಂತ ಹೇಳಿಬಿಡುತ್ತೇನೆ. ಒಂದು ದೊಡ್ಡ ಆಫೀಸ್ ಕಟ್ಟಡ. ಅದರ ನೆಲಮಹಡಿಯಲ್ಲಿ, ಲಿಫ್ಟಿಗೂ ಮೆಟ್ಟಿಲಿಗೂ ಮಧ್ಯೆ ಮಿಕ್ಕ ಒಂದು ಸಂದಿ. ಅದಕ್ಕೆ ಬಾಗಿಲು ಇಟ್ಟು ರೂಮು ಅಂತ ಕರೆದಿದ್ದಾರೆ. ಒಳಗೆ ಒಂದು ಮೇಜು, ಕಂಪ್ಯೂಟರು, ಎರಡು ಕುರ್ಚಿ, ಧೂಳು ಬೀಳದಿರಲಿ ಅಂತ ಸ್ನಾನದ ಟೋಪಿ ಹಾಕಿಸಿಕೊಂಡ ಪ್ರಿಂಟರು. ಲಿಫ್ಟು ಮೇಲೆ ಹೋದಾಗಲೆಲ್ಲ ಗೋಡೆ ಗುರ‍್ರ್ ಅನ್ನುತ್ತದೆ. ಬಾಗಿಲ ಮೇಲೆ ಆಂಟಿ ತಾವೇ ಬರೆದು ಅಂಟಿಸಿದ ಬೋರ್ಡು: “ನೋಂದಾಯಿತ ಇಮೇಲ್ ಕಳಿಸಿಕೊಡಲಾಗುವುದು. ತಲುಪಿದ್ದಕ್ಕೆ ರಸೀದಿ ಉಂಟು.”

ಮಾಮೂಲಿ ಇಮೇಲ್ ಕಳಿಸಿದರೆ ಆಚೆಯವರು “ಬಂದೇ ಇಲ್ಲ” ಅಂತ ಸಲೀಸಾಗಿ ಹೇಳಿಬಿಡಬಹುದು. ನೋಂದಾಯಿತ ಇಮೇಲಿನಲ್ಲಿ ಆ ಆಟ ನಡೆಯುವುದಿಲ್ಲ. ಅದು ಮಧ್ಯೆ ಒಂದು ಕಂಪನಿಯ ಮೂಲಕ ಹೋಗುತ್ತದೆ. ಏನು ಬರೆದಿದ್ದೀರಿ, ಯಾವ ಕಾಗದ ಜೊತೆಗಿಟ್ಟಿದ್ದೀರಿ, ಯಾವ ನಿಮಿಷಕ್ಕೆ ತಲುಪಿತು, ಎಲ್ಲವೂ ಯಾರೂ ತಿದ್ದಲಾಗದಂತೆ ರಸೀದಿಯಲ್ಲಿ ದಾಖಲಾಗುತ್ತದೆ. ಮನೆ ಖಾಲಿ ಮಾಡುವವರು, ಕೆಲಸ ಬಿಡುವವರು, ಸೋರುವ ಸೂರಿನ ಬಗ್ಗೆ ಮಾಲೀಕನಿಗೆ ಬರೆದು ಬರೆದು ಸುಸ್ತಾದವರು, ಎಲ್ಲರೂ ಆಂಟಿಯ ಹತ್ತಿರ ಬರುತ್ತಾರೆ. ಅವರಿಗೆ ಬರೆಯಲು ಬಾರದಿದ್ದರೆ ಆಂಟಿಯೇ ಬರೆದುಕೊಡುತ್ತಾರೆ. ಅವರ ನಿಜವಾದ ಹೆಸರು ಯಾರ ಬಾಯಲ್ಲೂ ನಾನು ಕೇಳಿಲ್ಲ. ಮೇಲಿನ ಮಹಡಿಯ ವಕೀಲರಿಂದ ಹಿಡಿದು ಲಿಫ್ಟ್ ಆಪರೇಟರ್ ತನಕ ಎಲ್ಲರಿಗೂ ಅವರು ರಸೀದಿ ಮೇಡಂ. ನನಗೆ ರಸೀದಿ ಆಂಟಿ.

ನಾನು ಮೊದಲ ಸಲ ಹೋದದ್ದು ಅಳುಮುಖ ಹಾಕಿಕೊಂಡು. ಜ್ವರ ಬಂದು ಇಪ್ಪತ್ತು ದಿನ ಕಾಲೇಜು ತಪ್ಪಿತ್ತು, ಡಾಕ್ಟರ ಸರ್ಟಿಫಿಕೇಟನ್ನು ಇಮೇಲ್ ಮಾಡಿದ್ದೆ, ಕಾಲೇಜು ಆಫೀಸಿನವರು ಬಂದೇ ಇಲ್ಲ, ಅಟೆಂಡೆನ್ಸ್ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ ಅಂದಿದ್ದರು. ಆಂಟಿ ನನ್ನ ಗೋಳನ್ನು ಅರ್ಧಕ್ಕೇ ನಿಲ್ಲಿಸಿದರು.

“ಅತ್ತಿದ್ದಕ್ಕೆ ರಸೀದಿ ಸಿಗಲ್ಲ ಮಗಾ. ಸರ್ಟಿಫಿಕೇಟ್ ಕೊಡು.”

ಹತ್ತು ನಿಮಿಷದಲ್ಲಿ ನಾಲ್ಕು ಅಂಶಗಳ ಒಂದು ಪತ್ರ ತಯಾರಾಯಿತು. ಕನ್ನಡದಲ್ಲಿ ಅಷ್ಟು ಖಡಕ್ಕಾಗಿ ಬರೆಯಬಹುದು ಅಂತ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಗೊತ್ತೇ ಇರಲಿಲ್ಲ! “ಸದರಿ ವಿದ್ಯಾರ್ಥಿನಿಯು” ಅಂದರೆ ನಾನು. “ಈ ಸಂದೇಶ ತಲುಪಿದ ಮೂರು ದಿನಗಳೊಳಗೆ” ಅಂದರೆ ಅವರಿಗೆ ಕೆಟ್ಟಕಾಲ. ಮೂರು ದಿನ ಏಕೆ, ಒಂದೇ ಗಂಟೆಯಲ್ಲಿ ಕಾಲೇಜಿನಿಂದ ಫೋನು ಬಂತು, ನನ್ನ ಹಳೆಯ ಇಮೇಲ್ ಅದೇನೋ ಪವಾಡದಂತೆ ಅವರಿಗೆ ಸಿಕ್ಕಿಬಿಟ್ಟಿತ್ತು. ಅವತ್ತಿನಿಂದ ನಾನು ರಸೀದಿ ಆಂಟಿಯ ಭಕ್ತೆ. ಗುರುವಾರ ಮಧ್ಯಾಹ್ನದ ಮೇಲೆ ನನಗೆ ಕ್ಲಾಸಿಲ್ಲ, ಕೆಲಸ ಇರಲಿ ಬಿಡಲಿ ಅಲ್ಲಿಗೆ ಹೋಗಿ ಕೂರುತ್ತಿದ್ದೆ.

ಕೂತು ನೋಡುತ್ತಾ ನೋಡುತ್ತಾ ಒಂದು ವಿಷಯ ಗೊತ್ತಾಯಿತು. ಆ ರೂಮಿಗೆ ದಿನಕ್ಕೆ ಹತ್ತು ಹನ್ನೆರಡು ಜನ ಬರುತ್ತಾರೆ, ಆದರೆ ಆಂಟಿಯ ಹತ್ತಿರ ಯಾರೂ ಬರುವುದಿಲ್ಲ. ತಮ್ಮ ಜಗಳ ತರುತ್ತಾರೆ, ರಸೀದಿ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಊಟದ ಹೊತ್ತಿಗೆ ಆಂಟಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಡಬ್ಬಿ ಬಿಚ್ಚುತ್ತಾರೆ. ಯಾಕೆ ಹಾಗೆ ಅಂತ ಕೇಳಿದೆ. “ಒಬ್ಬಳೇ ತಿನ್ನೋದನ್ನ ನೋಡಿದ್ರೆ ಜನಕ್ಕೆ ಒಂಥರಾ ಆಗುತ್ತೆ, ಏನಾದ್ರೂ ಮಾತಾಡ್ಬೇಕು ಅನ್ಸುತ್ತೆ. ಪಾಪ, ಅವರಿಗ್ಯಾಕೆ ತೊಂದರೆ?” ಅಂದರು. ಸಂಜೆ ಆರಕ್ಕೆ ಬೀಗ ಹಾಕಿ, ಮೂರು ಬೀದಿ ಆಚೆಗಿನ ತಮ್ಮ ಒಂಟಿ ಕೋಣೆಗೆ ನಡೆದು ಹೋಗುತ್ತಾರೆ.

ಇನ್ನೊಂದು ವಿಷಯವನ್ನು ಅವರು ಹೇಳಲಿಲ್ಲ, ಅವರ ಇಮೇಲಿನ ಒಂದು ಫೋಲ್ಡರ್ ನೋಡಿ ನಾನೇ ಕಂಡುಹಿಡಿದೆ. ದಿನಾ ಬೆಳಗ್ಗೆ ಅಂಗಡಿ ತೆಗೆದ ಕೂಡಲೇ ಯಂತ್ರ ಸರಿಯಿದೆಯೇ ಅಂತ ಪರೀಕ್ಷಿಸಲು ಆಂಟಿ ತಮಗೆ ತಾವೇ ಒಂದು ನೋಂದಾಯಿತ ಇಮೇಲ್ ಕಳಿಸಿಕೊಳ್ಳುತ್ತಾರೆ. ಮೊದಮೊದಲು ಅದರಲ್ಲಿ “ಪರೀಕ್ಷೆ” ಅಂತ ಒಂದೇ ಪದ ಇರುತ್ತಿತ್ತು. ನಾನು ನೋಡುವ ಹೊತ್ತಿಗೆ ಅದು ಬೆಳೆದಿತ್ತು. “ಪರೀಕ್ಷೆ. ಇವತ್ತು ಮೊಣಕಾಲು ಪರವಾಗಿಲ್ಲ.” “ಪರೀಕ್ಷೆ. ಎದುರು ಮನೆಯವರು ಹೊಸ ಪರದೆ ಹಾಕಿದ್ದಾರೆ, ಬಣ್ಣ ಚೆನ್ನಾಗಿಲ್ಲ.” ಎರಡು ನಿಮಿಷಕ್ಕೆ ರಸೀದಿ ಬರುತ್ತದೆ: ತಲುಪಿದೆ, ತೆರೆಯಲಾಗಿದೆ. ಅವರಿಗೆ ದಿನಾ ಬರುತ್ತಿದ್ದ ಕಾಗದ ಅದೊಂದೇ.

ಒಬ್ಬ ತಂಗಿ ಇದ್ದಾಳೆ ಅನ್ನುವುದು ಆಮೇಲೆ ತಿಳಿಯಿತು. ಅಕ್ಕನಿಗೆ ಅವಳು ಪುಟ್ಟಿ, ಎಂಟು ವರ್ಷ ಚಿಕ್ಕವಳು. ಒಂಬತ್ತು ವರ್ಷದ ಹಿಂದೆ ಪುಟ್ಟಿ ಪ್ರಯಾಣಿಕರ ದೊಡ್ಡ ಹಡಗೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಸಮುದ್ರದ ನಡುವೆ ಫೋನು ಸಿಗುತ್ತಿರಲಿಲ್ಲ. ಕೆಲಸಗಾರರಿಗೆಂದು ಇಟ್ಟಿದ್ದ ಒಂದು ಕಂಪ್ಯೂಟರಿನಲ್ಲಿ ಇಮೇಲ್ ನೋಡಬಹುದಿತ್ತು, ಅಷ್ಟೇ. ಆ ಹೊತ್ತಿನಲ್ಲೇ ಇಲ್ಲಿ ಅಮ್ಮನಿಗೆ ಜಾಸ್ತಿಯಾಯಿತು. ಆಂಟಿ ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ಕೂತೇ ತಂಗಿಗೆ ಇಮೇಲ್ ಮಾಡಿದರಂತೆ. ಪುಟ್ಟಿ ಬರಲಿಲ್ಲ. ನಾಲ್ಕು ದಿನ ಅಮ್ಮ ಬಾಗಿಲ ಕಡೆ ಮುಖ ಮಾಡಿಕೊಂಡೇ ಇದ್ದರು, ಐದನೇ ದಿನ ಹೋದರು. ಎಲ್ಲ ಮುಗಿದು ಹನ್ನೆರಡು ದಿನ ಆದ ಮೇಲೆ ಪುಟ್ಟಿ ಬಂದಳು. ಹಡಗು ದಡ ಸೇರಿದಾಗ ಯಾರೋ ಫೋನಿನಲ್ಲಿ ಹೇಳಿದ್ದರಂತೆ.

“ಇಮೇಲ್ ಬಂದಿಲ್ಲ ಅಕ್ಕ ಅಂದ್ಲು. ನಾನು, ಕಳಿಸಿದೀನಿ, ನೀನೇ ನೋಡಿಲ್ಲ ಅಂದೆ. ನೆಂಟರಿಷ್ಟರು ಎಲ್ಲಾ ಕೂತಿದ್ರು. ಬಂದಿಲ್ಲ ಅಂತ ಅವಳು, ಕಳಿಸಿದೀನಿ ಅಂತ ನಾನು. ಇಬ್ಬರ ಹತ್ರಾನೂ ಪ್ರೂಫ್ ಇಲ್ಲ. ಖಾತೆ ತೆರೆದು ನೋಡೋ ಯೋಚನೆಯೂ ನಂಗೆ ಬರ್ಲಿಲ್ಲ, ಅಷ್ಟು ಖಾತ್ರಿ. ಅಮ್ಮನ ಪಕ್ಕ ಕೂತಿದ್ದವಳು ನಾನಲ್ವಾ, ಎಲ್ಲರೂ ನನ್ನನ್ನೇ ನಂಬಿದ್ರು.”

“ಆಮೇಲೆ?”

“ಆಮೇಲೇನು? ದೊಡ್ಡಮ್ಮ ಅವಳನ್ನ ಮಾತಾಡ್ಸೋದು ಬಿಟ್ರು. ಒಬ್ಬೊಬ್ಬರಾಗಿ ಎಲ್ಲರೂ ಬಿಟ್ರು. ಅವಳು ನನ್ನನ್ನ ಬಿಟ್ಲು.”

ಅದಾದ ಎರಡೇ ತಿಂಗಳಿಗೆ ಆಂಟಿ ಟೈಪಿಂಗ್ ಕೆಲಸ ಬಿಟ್ಟು ಈ ನೋಂದಾಯಿತ ಇಮೇಲಿನ ಮೇಜು ಹಾಕಿದರು. ತಮಗಾದದ್ದು ಇನ್ನೊಬ್ಬರಿಗೆ ಆಗಬಾರದು ಅಂತ. ಪುಟ್ಟಿ ಈಗ ಹಡಗು ಬಿಟ್ಟು ಬಸ್ಸಿನಲ್ಲಿ ಎರಡು ಗಂಟೆ ದೂರದ ಇನ್ನೊಂದು ಊರಿನಲ್ಲಿ ಸ್ವಂತ ಲಾಂಡ್ರಿ ಇಟ್ಟಿದ್ದಾಳೆ. ಆಂಟಿಗೆ ಅದು ಗೊತ್ತಾದದ್ದೂ ಇಂಟರ್ನೆಟ್ಟಿನಲ್ಲಿ ನೋಡಿದ ಜಾಹೀರಾತಿನಿಂದ.

ಇಷ್ಟು ಕಥೆ ಕೇಳಿದ್ದ ನಾನೇ ಆಮೇಲೆ ಆ ಎಡವಟ್ಟು ಮಾಡಿದೆ. ಆಂಟಿಯ ಹಳೆಯ ಇಮೇಲ್ ಖಾತೆ ಬಹಳ ವರ್ಷ ಬಳಸದೆ ಬಿದ್ದಿತ್ತು, ತೆರೆದು ನೋಡದಿದ್ದರೆ ಮುಚ್ಚಿಬಿಡುತ್ತೇವೆ ಅಂತ ಕಂಪನಿಯವರ ಎಚ್ಚರಿಕೆ ಬಂದಿತ್ತು. ಪಾಸ್‌ವರ್ಡ್ ಮರೆತಿದ್ದರು. ನಾನು ಹೀರೋಯಿನ್ ಥರ ಕೂತು ಹೇಗೋ ಬಿಡಿಸಿದೆ. ಒಳಗೆ ಜಾಹೀರಾತಿನ ಗುಡ್ಡೆ. ಅದರ ಪಕ್ಕ, ಬರೆದು ಕಳಿಸದೆ ಬಿಟ್ಟವುಗಳ ಡ್ರಾಫ್ಟ್ ಪೆಟ್ಟಿಗೆಯಲ್ಲಿ ಒಂದೇ ಒಂದು ಇತ್ತು.

“ಆಂಟಿ, ಇಲ್ಲೊಂದು ಡ್ರಾಫ್ಟ್ ಇದೆ, ಅಳಿಸ್ಲಾ?” ಅಂದೆ, ಅನ್ನುತ್ತಲೇ ಅದನ್ನು ತೆರೆದು ಜೋರಾಗಿ ಓದಲು ಶುರು ಮಾಡಿದೆ. “ಪುಟ್ಟಿ, ಅಮ್ಮನಿಗೆ ಜಾಸ್ತಿ ಆಗಿದೆ. ಹಡಗು ಎಲ್ಲಿ ನಿಲ್ಲುತ್ತೋ ಅಲ್ಲಿಂದ ಹೊರಟು ಬಾ. ನಿನ್ನನ್ನೇ ಕೇಳ್ತಾ…”

ಲಿಫ್ಟು ಮೇಲೆ ಹೋಯಿತು, ಗೋಡೆ ಗುರ‍್ರ್ ಅಂದಿತು. ಆಂಟಿ ಎದ್ದು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ತಾರೀಕು ಅಮ್ಮನಿಗೆ ಜಾಸ್ತಿಯಾದ ಆ ದಿನದ್ದೇ. ಸಮಯ ಮಧ್ಯಾಹ್ನ ನಾಲ್ಕೂ ಹತ್ತು. ವಾಕ್ಯ “ಕೇಳ್ತಾ” ಅನ್ನುವಲ್ಲಿಗೇ ನಿಂತಿತ್ತು.

“ನರ್ಸ್ ಕರೆದ್ಲು,” ಅಂದರು ಆಂಟಿ, ತುಂಬ ಮೆಲ್ಲಗೆ. “ಅಮ್ಮನ ಮಗ್ಗುಲು ಬದಲಾಯಿಸ್ಬೇಕು, ಹಿಡ್ಕೊಳ್ಳಿ ಅಂತ ಕರೆದ್ಲು. ಎದ್ದು ಹೋದೆ. ವಾಪಸ್ ಬಂದು ಕಳಿಸಿದೆ ಅಂತಾನೇ… ಕಳಿಸಿದ್ದು ನೆನಪಿದೆ ಕಣೇ ನಂಗೆ. ಬಟನ್ ಒತ್ತಿದ್ದು ಸಹ ನೆನಪಿದೆ.”

ಅವರು ಅದನ್ನು ಪ್ರಿಂಟ್ ತೆಗೆದು ಒಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಡ್ರಾಯರಿಗೆ ಹಾಕಿದರು. ಆಮೇಲೆ ಬಂದ ಮೂರು ಗಿರಾಕಿಗಳಿಗೆ ಎಂದಿನ ಹಾಗೇ ರಸೀದಿ ಕೊಟ್ಟರು. ಪುಟ್ಟಿಗೆ ಇದನ್ನು ತಿಳಿಸಲೇಬೇಕು, ಅವಳು ಹೇಳಿದ್ದು ನಿಜ ಅಂತ ಅವಳಿಗೆ ಗೊತ್ತಾಗಬೇಕು ಅಂತ ಮಾತ್ರ ಹೊರಡುವಾಗ ನನಗೆ ಹೇಳಿದರು. ಮುಂದಿನ ಮಂಗಳವಾರ ತಂಗಿಗೆ ನೋಂದಾಯಿತ ಇಮೇಲ್ ಹೋಯಿತು, ತಕ್ಷಣ ತಲುಪಿತು, ಮತ್ತು ಹದಿನಾರು ದಿನ ಮುಚ್ಚಿದ ಹಾಗೇ ಇತ್ತು.

ಅದಕ್ಕೇ ಆ ಹಸಿರು ಸಾಲು ಬಂದ ಗುರುವಾರ ಅಷ್ಟೊಂದು ಸಂಭ್ರಮ. ಆಂಟಿ ಇಬ್ಬರಿಗೂ ಟೀ ತರಿಸಿದರು. ಮೊದಲ ಸಲ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸದೆ ಬಿಸ್ಕತ್ತು ತಿಂದರು.

“ಏನು ಬರೆದಿದ್ರಿ ಆಂಟಿ? ತೋರಿಸಿ ಪ್ಲೀಸ್.”

“ತೋರಿಸೋದೇನು, ಇರೋ ವಿಷಯ ನೀಟಾಗಿ ಬರೆದಿದೀನಿ.”

ನೀಟಾಗಿಯೇ ಇತ್ತು. ಒಂದು: ಒಂಬತ್ತು ವರ್ಷಗಳ ಹಿಂದೆ ತಾಯಿಯವರ ಅನಾರೋಗ್ಯದ ಬಗ್ಗೆ ತಮಗೆ ಇಮೇಲ್ ಕಳುಹಿಸಿರುವುದಾಗಿ ನಾನು ಹೇಳಿರುತ್ತೇನೆ. ಎರಡು: ಸದರಿ ಇಮೇಲ್ ಕಳುಹಿಸಲಾಗಿರಲಿಲ್ಲವೆಂದು ಈಗ ದೃಢಪಟ್ಟಿರುತ್ತದೆ. ಮೂರು: ಈ ಬಗ್ಗೆ ತಾವು ಅಂದು ನೀಡಿದ ಹೇಳಿಕೆ ನಿಜವೆಂದು ಒಪ್ಪಿಕೊಂಡಿರುತ್ತೇನೆ. ನಾಲ್ಕು: ಈ ಸಂದೇಶ ತಲುಪಿದ ಹದಿನೈದು ದಿನಗಳೊಳಗೆ ತಮ್ಮ ಅಭಿಪ್ರಾಯ ತಿಳಿಸುವುದು.

“ಆಂಟಿ,” ಅಂದೆ, “ಇದು ತಂಗಿಗೆ ಬರೆದಿದ್ದಾ, ಇಲ್ಲಾ ಸೂರು ಸೋರೋ ಮನೆ ಮಾಲೀಕನಿಗಾ?”

“ಯಾಕೆ? ಏನು ತಪ್ಪಾಗಿದೆ?” ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ಕೇಳಿದರು. ಒಂಬತ್ತು ವರ್ಷದಿಂದ ದಿನಾ ಅದನ್ನೇ ಬರೆಯುತ್ತಿದ್ದರು. ಅವರ ಬೆರಳಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ನಾನು ಇನ್ನೂ ನಗುತ್ತಿದ್ದೆ, ಆದರೆ ಅವರು ಆ ನಾಲ್ಕು ಅಂಶಗಳನ್ನು ಮತ್ತೆ ಓದುತ್ತಾ ಹೋದಂತೆ ನನ್ನ ನಗು ತಾನಾಗಿಯೇ ನಿಂತಿತು.

“ತೆರೆದಿದ್ದಾಳಲ್ಲ,” ಅಂದರು ಕೊನೆಗೆ. “ಓದಿದ್ರೆ ಅರ್ಥ ಆಗುತ್ತೆ ಬಿಡು.”

ಮುಂದಿನ ಗುರುವಾರ ನಾನು ಹೋದಾಗ ಆಂಟಿ ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದರು. ಮಂಗಳವಾರವೇ ಒಂದು ಇಮೇಲ್ ಬಂದಿತ್ತು. ಅದೂ ನೋಂದಾಯಿತ. ಮೇಲೆ ಕೆಂಪು ಪಟ್ಟಿ: “ಇದು ನೋಂದಾಯಿತ ಸಂದೇಶ. ತಲುಪಿದ ಮತ್ತು ತೆರೆದ ಸಮಯ ದಾಖಲಾಗುತ್ತದೆ.” ಕಳಿಸಿದವರು ಯಾವುದೋ ವಕೀಲರ ಆಫೀಸಿನವರು.

“ಎರಡು ದಿನದಿಂದ ತೆರೆದಿಲ್ವಾ?”

“ತೆರೆದ ಕೂಡಲೇ ಆ ಕಡೆಗೆ ಗೊತ್ತಾಗುತ್ತೆ ಕಣೇ. ಇಷ್ಟು ವರ್ಷ ಇದನ್ನ ಕಳಿಸಿದೀನೇ ಹೊರತು ಒಂದು ದಿನವೂ ನನಗೆ ಯಾರೂ ಕಳಿಸಿರ್ಲಿಲ್ಲ. ಈ ಪಟ್ಟಿ ನೋಡಿದ್ರೆ ಮೌಸ್ ಕಡೆ ಕೈಯೇ ಹೋಗಲ್ಲ. ಜನಕ್ಕೆ ಹಿಂಗಾಗುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

ನಾನು ಪಕ್ಕದಲ್ಲಿ ಕೂತೆ, ಕಾಲು ಮುರಿದ ಕುರ್ಚಿಯಲ್ಲೇ. ಆಂಟಿ ತೆರೆದರು. ವಕೀಲರ ಕಾಗದ ಚಿಕ್ಕದಾಗಿತ್ತು. ತಮ್ಮ ಕಕ್ಷಿದಾರರು, ಅಂದರೆ ಪುಟ್ಟಿ, ಸದರಿ ಸಂದೇಶವನ್ನು ಸ್ವತಃ ತೆರೆಯದೆ ವಕೀಲರ ಕಚೇರಿಗೆ ಕಳುಹಿಸಿರುತ್ತಾರೆ, ಕಚೇರಿಯ ಗುಮಾಸ್ತರು ಅದನ್ನು ಇಂಥ ದಿನ ಹನ್ನೊಂದು ನಲವತ್ತೆರಡಕ್ಕೆ ತೆರೆದಿರುತ್ತಾರೆ, ಮೂರನೆಯ ಅಂಶದಲ್ಲಿನ ಒಪ್ಪಿಗೆಯನ್ನು ದಾಖಲೆಯಾಗಿ ಇಟ್ಟುಕೊಳ್ಳಲಾಗಿದೆ, ಇನ್ನು ಮುಂದೆ ಕಕ್ಷಿದಾರರನ್ನು ಇಮೇಲ್ ಮೂಲಕ ನೇರವಾಗಿ ಸಂಪರ್ಕಿಸತಕ್ಕದ್ದಲ್ಲ.

“ಗುಮಾಸ್ತ,” ಅಂದರು ಆಂಟಿ. “ಆ ಹಸಿರು ಸಾಲು ಗುಮಾಸ್ತಂದು.”

ಹೊರಗೆ ಯಾರೋ ಕೆಲಸ ಬಿಡುವ ಪತ್ರ ಹಿಡಿದು ಕಾಯುತ್ತಿದ್ದರು. ಆಂಟಿ ಅವರನ್ನು ನಾಳೆ ಬನ್ನಿ ಅಂದರು. ರಸೀದಿ ಮೇಡಂ ಬಾಯಲ್ಲಿ ನಾಳೆ ಬನ್ನಿ ಅನ್ನುವ ಮಾತು ಕೇಳಿ ಆ ಮನುಷ್ಯ ಬೋರ್ಡನ್ನೇ ಎರಡು ಸಲ ನೋಡಿದ.

“ಫೋನ್ ಮಾಡಿ ಆಂಟಿ. ಅಂಗಡಿ ನಂಬರ್ ಜಾಹೀರಾತಲ್ಲೇ ಇದೆ.”

“ಮೂರು ಸಲ ಮಾಡಿದೆ. ‘ಹಲೋ, ಲಾಂಡ್ರಿ’ ಅಂತಾಳೆ. ನಂಗೆ ಮಾತೇ ಹೊರಡಲ್ಲ. ಇಟ್ಟುಬಿಡ್ತೀನಿ.” ಆಮೇಲೆ ಡ್ರಾಯರು ಎಳೆದು ಪ್ಲಾಸ್ಟಿಕ್ ಕವರು ತೆಗೆದರು. “ಶನಿವಾರ ನಿಂಗೆ ಕ್ಲಾಸಿದೆಯಾ? ಇಲ್ಲಾಂದ್ರೆ ನನ್ನ ಜೊತೆ ಬಾ. ಇದನ್ನ ಕೈಯಾರೆ ಕೊಟ್ಟು ಬರೋಣ. ಕೊಟ್ಟಿದ್ದಕ್ಕೆ ಒಬ್ಬರು ಸಾಕ್ಷಿ ಇದ್ರೆ ಒಳ್ಳೇದು.”

ಕ್ಲಾಸು ಇತ್ತು. ಇಲ್ಲ ಅಂದೆ.

ಬಸ್ಸಿನಲ್ಲಿ ಆಂಟಿ ಕಿಟಕಿಯ ಪಕ್ಕ ಕೂತು ಎರಡು ಗಂಟೆಯೂ ತುಟಿ ಅಲ್ಲಾಡಿಸುತ್ತಲೇ ಇದ್ದರು. ಮಾತು ಜೋಡಿಸುತ್ತಿದ್ದರು. ಮಧ್ಯೆ ಒಮ್ಮೆ “ಮೊದಲನೆಯದಾಗಿ ಅಂತ ಶುರು ಮಾಡ್ಲಾ?” ಅಂದರು. ಬೇಡವೇ ಬೇಡ ಅಂದೆ.

ಪುಟ್ಟಿಯ ಲಾಂಡ್ರಿ ಒಂದು ಮೂಲೆ ಅಂಗಡಿ. ಗಾಜಿನ ತುಂಬ ಹಬೆ. ಒಳಗೆ ಸಾಲಾಗಿ ತೂಗುಹಾಕಿದ ಕೋಟು, ಪ್ಯಾಂಟು, ಡಾಕ್ಟರುಗಳ ಬಿಳಿ ಅಂಗಿ, ಒಂದೊಂದಕ್ಕೂ ಪಿನ್ನು ಚುಚ್ಚಿದ ನಂಬರಿನ ಚೀಟಿ. ಶನಿವಾರವಾದ್ದರಿಂದ ಗಿಜಿಗಿಜಿ ಜನ. ಕೌಂಟರಿನ ಹಿಂದೆ ತೆಳ್ಳಗಿನ ಒಬ್ಬ ಹೆಂಗಸು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು, ಒಂದು ಕೈಯಲ್ಲಿ ಇಸ್ತ್ರಿ ಮಾಡುತ್ತಾ ಇನ್ನೊಂದು ಕೈಯಲ್ಲಿ ಚೀಟಿ ಇಸಕೊಂಡು ಬಟ್ಟೆ ಕೊಡುತ್ತಿದ್ದಳು. ಮೂಗು ಥೇಟ್ ಆಂಟಿಯದೇ. ಒಳಗೆ ನುಗ್ಗಿ “ಪುಟ್ಟಿ” ಅಂತ ಕರೆಯುತ್ತಾರೆ ಅಂದುಕೊಂಡಿದ್ದೆ. ಆಂಟಿ ಹೋಗಿ ಕ್ಯೂನಲ್ಲಿ ನಿಂತರು! ನಾಲ್ಕನೆಯವರು. ನಾನು ಐದನೆಯವಳು.

“ನೀವು ಮುಂದೆ ಹೋಗಿ ಆಂಟಿ, ಅವರು ನಿಮ್ಮ ತಂಗಿ,” ಅಂತ ಪಿಸುಗುಟ್ಟಿದೆ.

“ಸುಮ್ನಿರೇ. ಅವರೆಲ್ಲ ನಮಗಿಂತ ಮೊದಲು ಬಂದಿದಾರೆ.”

ನಮ್ಮ ಸರದಿ ಬಂತು.

“ಚೀಟಿ?” ಅಂದಳು ಪುಟ್ಟಿ, ತಲೆ ಎತ್ತದೆ, ಕೈ ಚಾಚಿ.

ಎರಡು ಗಂಟೆ ಜೋಡಿಸಿದ್ದ ಮಾತಿನಲ್ಲಿ ಒಂದೂ ಹೊರಬರಲಿಲ್ಲ. ಆಂಟಿ ಕವರಿನಿಂದ ಹಾಳೆ ತೆಗೆದು ಆ ಕೈಯ ಮೇಲೆ ಇಟ್ಟರು. ಪುಟ್ಟಿ ಅದರಲ್ಲಿ ನಂಬರು ಹುಡುಕಿದಳು. ಸಿಗಲಿಲ್ಲ. ಕನ್ನಡಕ ಇಳಿಸಿದಳು. ಓದಿದಳು. ಅವಳ ಇನ್ನೊಂದು ಕೈ ಮಾತ್ರ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ, ಬಟ್ಟೆ ಸುಡದ ಹಾಗೆ ಪಕ್ಕಕ್ಕೆ ಇಟ್ಟಿತು. ಎರಡನೇ ಸಲ ಓದಿದ ಮೇಲೆ ತಲೆ ಎತ್ತಿದಳು.

“ಕಳಿಸಿರ್ಲಿಲ್ಲ ಪುಟ್ಟಿ,” ಅಂದರು ಆಂಟಿ. “ಕಳಿಸಿದೀನಿ ಅಂದಿದ್ದೆ. ಕಳಿಸಿರ್ಲಿಲ್ಲ. ನೀನು ಹೇಳಿದ್ದೇ ನಿಜ.”

“ಮೇಡಂ, ನಂದು ಎರಡೇ ಪ್ಯಾಂಟು, ಸ್ವಲ್ಪ ಬೇಗ…” ಅಂದ ಹಿಂದಿದ್ದವನು.

“ಇರ‍್ರೀ ಒಂದ್ನಿಮಿಷ! ಪ್ಯಾಂಟು ಎಲ್ಲೂ ಓಡಿಹೋಗಲ್ಲ.” ಪುಟ್ಟಿ ಹಾಳೆಯನ್ನು ಕೌಂಟರಿನ ಮೇಲೆ ಇಟ್ಟಳು. “ಹಡಗಲ್ಲಿ ಆ ಕಂಪ್ಯೂಟರಿಗೆ ಕ್ಯೂ ನಿಲ್ಬೇಕಿತ್ತು ಗೊತ್ತಾ ಅಕ್ಕ? ಹತ್ತು ಜನರ ಹಿಂದೆ. ನೀನು ಕಳಿಸಿದೀನಿ ಅಂದ ಮೇಲೆ ವಾಪಸ್ ಹೋಗಿ ದಿನಾ ನಿಂತಿದೀನಿ. ಕಸದ ಪೆಟ್ಟಿಗೆಯೆಲ್ಲ ಜಾಲಾಡಿದೀನಿ. ನಾನೇ ನೋಡಿ, ಮರೆತು, ಅಳಿಸಿಬಿಟ್ನೇನೋ ಅಂತ… ನಂಗೆ ನನ್ನ ಮೇಲೇ ನಂಬಿಕೆ ಹೋಗಿತ್ತು. ಒಂಬತ್ತು ವರ್ಷ ಅಕ್ಕ. ಅಮ್ಮ ಕರೆದಿದ್ದನ್ನ ನಾನೇ ಅಳಿಸಿದೆ ಅಂದ್ಕೊಂಡು.”

ಆಂಟಿ ಕೌಂಟರಿನ ಅಂಚು ಹಿಡಿದುಕೊಂಡರು.

“ದೊಡ್ಡಮ್ಮ ಹೋದ ವರ್ಷ ತೀರ್ಕೊಂಡ್ರು,” ಅಂದಳು ಪುಟ್ಟಿ. “ನನ್ನನ್ನ ಸುಳ್ಳಿ ಅಂದ್ಕೊಂಡೇ ಹೋದ್ರು. ಅವರಿಗೆ ಯಾವ ಅಡ್ರೆಸ್ಸಿಗೆ ಕಳಿಸ್ತೀಯ ಇದನ್ನ?”

ಆಂಟಿ ಖಾಲಿ ಕವರನ್ನು ಮಡಿಸಿದರು, ಮತ್ತೆ ಬಿಚ್ಚಿದರು.

“ಮೊದಲು ಒಂದು ಇಮೇಲ್ ಕಳಿಸಿದ್ದೆ,” ಅಂದರು ಆಮೇಲೆ.

“ಆ ಕೆಂಪು ಪಟ್ಟಿದಾ? ನಿನ್ನ ಹೆಸರು, ಅದರ ಪಕ್ಕ ನೋಂದಾಯಿತ ಅಂತ. ಅಮ್ಮನ ವಿಷಯಕ್ಕೆ ನನ್ನನ್ನ ಕೋರ್ಟಿಗೆ ಎಳೀತಿದೀಯ ಅಂದ್ಕೊಂಡೆ. ಮುಟ್ಟೋಕೇ ಭಯ ಆಯ್ತು. ಲಾಯರಿಗೆ ಕೊಟ್ಟೆ. ಅವರು ಭಯ ಪಡೋಂಥದ್ದೇನಿಲ್ಲ, ನಾವು ಉತ್ತರ ಕೊಡ್ತೀವಿ ಅಂದ್ರು. ಏನಿತ್ತು ಅಂತ ನಾನೂ ಕೇಳ್ಲಿಲ್ಲ. ಹೆತ್ತಮ್ಮನ ವಿಷಯ ಅಕ್ಕ. ಸ್ವಂತ ತಂಗಿಗೆ ಯಾರಾದ್ರೂ ನೋಟಿಸ್ ಕೊಡ್ತಾರಾ?”

“ನಂಗೆ ಅದೊಂದೇ ಬರೋದು ಪುಟ್ಟಿ.”

ಪುಟ್ಟಿ ಅಕ್ಕನನ್ನು ಮೊದಲ ಸಲ ಸರಿಯಾಗಿ ನೋಡಿದಳು, ನರೆತ ಕೂದಲು, ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಕವರು. ಆಮೇಲೆ ನನ್ನ ಕಡೆ ತಿರುಗಿದಳು. “ಇವಳ್ಯಾರು?”

“ಸಾಕ್ಷಿಗೆ ಬಂದಿದಾಳೆ.”

“ಸಾಕ್ಷಿ ಬೇರೆ! ಸಹಿನೂ ಹಾಕ್ಬೇಕಾ ನಾನು?”

ನಗು ಬಂತೋ ಅಳು ಬಂತೋ, ಅವಳ ಮುಖ ನೋಡಿ ಹೇಳಲು ಆಗಲಿಲ್ಲ. ಹಾಳೆಯನ್ನು ವಾಪಸ್ ಕೊಡಲಿಲ್ಲ. ನಾಲ್ಕು ಮಡಿಕೆ ಮಾಡಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡಳು. ಒಳಗೆ ಬಾ ಅನ್ನಲಿಲ್ಲ, ನೀರು ಬೇಕಾ ಅನ್ನಲಿಲ್ಲ. ಪ್ಯಾಂಟಿನವನ ಚೀಟಿ ಇಸಕೊಂಡು, ಹುಡುಕಿ, ಕೊಟ್ಟಳು. ಇನ್ನೊಬ್ಬರಿಗೂ ಕೊಟ್ಟಳು. ಆಂಟಿ ಕೌಂಟರಿನ ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ನಿಂತಿದ್ದರು, ಯಾರ ದಾರಿಗೂ ಅಡ್ಡವಾಗದ ಹಾಗೆ. ಹತ್ತು ನಿಮಿಷ ಕಳೆಯಿತು. ಹೊರಡೋಣ ಅಂತ ಅವರೇ ನನಗೆ ಸನ್ನೆ ಮಾಡಿದರು. ಬಾಗಿಲು ದಾಟುವಾಗ ಹಿಂದಿನಿಂದ ಮಾತು ಬಂತು.

“ಬುಧವಾರ ಅಂಗಡಿ ರಜಾ.”

ಆಂಟಿ ನಿಂತರು.

“ಬರೋದಾದ್ರೆ ಬೆಳಗ್ಗೆ ಬಾ. ಹಿಂದಿನ ಬಾಗಿಲಿಗೆ ಬಾ, ಮುಂದಿನದು ಬೀಗ ಹಾಕಿರುತ್ತೆ. ಅಮ್ಮ ಆ ನಾಲ್ಕು ದಿನ ಏನೇನು ಅಂದ್ಲು ಅಂತ ಒಂದೂ ಬಿಡದೆ ಹೇಳ್ಬೇಕು ನೀನು. ಮತ್ತೆ…” ಕತ್ತರಿಸಿದ ಹಾಗೆ ಹೇಳಿದಳು, “ಒಬ್ಬಳೇ ಬಾ.”

ನನಗೆ ಒಂದು ಚೂರೂ ಬೇಜಾರಾಗಲಿಲ್ಲ. ಸುಳ್ಳು, ಸ್ವಲ್ಪ ಆಯಿತು.

ಬಸ್ ಸ್ಟಾಪಿನಲ್ಲಿ ಆಂಟಿ ಬೆಂಚಿನ ಅಂಚಿಗೆ ಕೂತು, ಮೊಣಕಾಲು ಉಜ್ಜಿಕೊಳ್ಳುತ್ತಾ ರಸ್ತೆ ನೋಡುತ್ತಿದ್ದರು. ಇದು ಕ್ಷಮಿಸಿದ ಹಾಗಾ ಅಂತ ಕೇಳೋಣ ಅಂದುಕೊಂಡೆ, ಕೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು.

“ಹಿಂದಿನ ಬಾಗಿಲು ಅಂದ್ಲಲ್ಲ?” ಅಂದರು ಕೊನೆಗೆ.

“ಹೂಂ ಆಂಟಿ. ಬುಧವಾರ ಬೆಳಗ್ಗೆ.”

“ಎಂಟೂ ಇಪ್ಪತ್ತಕ್ಕೆ ಒಂದು ಬಸ್ಸಿದೆ. ಹತ್ತೂವರೆಗೆಲ್ಲ ಇಲ್ಲಿರ‍್ತೀನಿ. ಆ ಕೆಲಸ ಬಿಡೋ ಮನುಷ್ಯ ನಿನ್ನೆ ಬರ್ಲೇ ಇಲ್ಲ, ಬುಧವಾರ ಬಂದ್ರೆ, ಮೇಡಂ ತಂಗಿ ಮನೆಗೆ ಹೋಗಿದಾರೆ ಅಂತ ಹೇಳ್ಬಿಡು.” ಅಂದವರು ಬ್ಯಾಗಿನಿಂದ ರೂಮಿನ ಬೀಗದ ಕೈ ತೆಗೆದು ನನ್ನ ಕೈಗೆ ಕೊಟ್ಟರು.